ಮಂಗಳ ಪಾಸು ಮಾಡಿದ ಲೈಟು

ಜೂನ್ 9, ಸೋಮವಾರ

ಬಿ.ಪಿ. ಇರುವವರು ಕೂಗಾಡಬಾರದು, ಕೋಪ ಬಂದರೆ ಬರೆದುಕೊಳ್ಳಿ ಎಂದು ನನ್ನ ಹೆಂಡತಿ ಈ ಡೈರಿಯನ್ನು ಕೈಗಿಟ್ಟಿದ್ದಾಳೆ. ವಿಮೆಯವರು ಪುಕ್ಕಟೆ ಕೊಟ್ಟದ್ದು, ಐದು ತಿಂಗಳು ಖಾಲಿ ಬಿದ್ದಿತ್ತು. ಇವತ್ತು ಬರೆಯುವಷ್ಟು ಕೋಪ ಬಂದಿದೆ.

ಮೈಸೂರಿನ ಅಂಗಡಿಯಿಂದ ನಮ್ಮ ಬೀದಿಯ ಮಾಲು ವಾಪಸ್ ಬಂತು. ಮಕ್ಕಳು ಕಂಬಕ್ಕೆ ಪೋಣಿಸುವ ಮರದ ಉಂಗುರಗಳು. ಹಳದಿಯಲ್ಲಿ ಮೂರು ಥರದ ಹಳದಿ ಇದೆಯಂತೆ, ಕೆಂಪಿನಲ್ಲಿ ಎರಡು ಥರ. ಚನ್ನಪಟ್ಟಣದ ಈ ಬೀದಿಯಿಂದ ಹೋದ ಗೊಂಬೆ ಬಣ್ಣದ ವಿಷಯಕ್ಕೆ ವಾಪಸ್ ಬಂದದ್ದು ನನಗೆ ನೆನಪಿಲ್ಲ. ಬರುವ ಹಾಗೂ ಇಲ್ಲ, ಯಾಕೆಂದರೆ ಇಲ್ಲಿ ಒಂದು ಪದ್ಧತಿ ಇದೆ. ಹನ್ನೊಂದು ಕಾರ್ಖಾನೆಗಳಲ್ಲಿ ಯಾರು ಅರಗಿಗೆ ಹೊಸ ಬಣ್ಣ ಕಲಸಿದರೂ ಮೊದಲ ತುಂಡು ನಮ್ಮ ಮನೆ ಬಾಗಿಲಿಗೆ ಬರುತ್ತದೆ. ಕಾರ್ಖಾನೆ ಎಂದರೆ ಹೆದರಬೇಕಾಗಿಲ್ಲ, ಶೀಟಿನ ಮಾಡು, ಮೂರೋ ನಾಲ್ಕೋ ಲೇತು, ಅಷ್ಟೆ. ತುಂಡು ಬರುವುದು ನನಗಾಗಿ ಅಲ್ಲ. ನನ್ನ ಹೆಂಡತಿ ಸರ್ವಮಂಗಳ ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ತಿರುಗಿಸಿ, 'ಆಗ್ಲಿ' ಎನ್ನಬೇಕು. ಅಂದರೆ ಪಾಸು. ಅವಳು ತಲೆ ಅಲ್ಲಾಡಿಸಿದರೆ ಇನ್ನೊಂದು ಕಾರ್ಖಾನೆಯ ಆಫ್ತಾಬನಂಥ ಹಟಮಾರಿಯೂ ತೆಪ್ಪಗೆ ಹೋಗಿ ಮತ್ತೆ ಅರಗು ಕಾಯಿಸುತ್ತಾನೆ. ವಾಪಸ್ ಬಂದ ಉಂಗುರಗಳ ಬಣ್ಣವನ್ನೂ ಅವಳೇ ನೋಡಿದ್ದಳು.

ಅಂಗಡಿಯವನಿಗೆ ಫೋನಿನಲ್ಲಿ ಬಾಯಿಗೆ ಬಂದದ್ದು ಅಂದೆ. ಪಕ್ಕದ ಶೆಡ್ಡಿನವರು ಮೋಟಾರು ನಿಲ್ಲಿಸಿ ಕೇಳಿಸಿಕೊಂಡರು. ಮಂಗಳ ಮಾತ್ರ ಉಂಗುರಗಳನ್ನು ಮಡಿಲಿಗೆ ಹಾಕಿಕೊಂಡು, ಒಂದೊಂದನ್ನೇ ಕಣ್ಣಿನ ಹತ್ತಿರ ತಂದು ನೋಡುತ್ತ ಕೂತಿದ್ದಳು. ಆಮೇಲೆ ಹೇಳಿದಳು:

"ಲೈಟು ಸಾಲ್ತಿಲ್ಲ ಕಣ್ರೀ. ಎರಡು ವರ್ಸದಿಂದ ಏಳ್ತಾನೇ ಇವ್ನಿ. ನೀವು ಕಿವಿಗೆ ಆಕ್ಕೊಂಡ್ರೆ ತಾನೆ."

ಹೇಳುತ್ತಿದ್ದದ್ದು ನಿಜ. ಅಡುಗೆಮನೆಯಲ್ಲಿ ಲೈಟು ಸಾಲದು, ಬಚ್ಚಲಲ್ಲಿ ಸಾಲದು, ಬೀದಿ ದೀಪವೂ ಮಂಕು. ಕರೆಂಟಿನವರಿಗೆ ದಿನಾ ಬೈಗುಳ. ಹೆಂಗಸರು ಹೇಳುವುದೇ ಹಾಗೆ ಎಂದುಕೊಂಡು ನಾನು ಸುಮ್ಮನಿದ್ದೆ.

ಜೂನ್ 14, ಶನಿವಾರ

ಆಫ್ತಾಬನ ಶೆಡ್ಡಿನಲ್ಲಿ ನಮ್ಮ ಬೀದಿಯ ಸಂಘದ ಮೀಟಿಂಗು. ನಾನು ಕಾರ್ಯದರ್ಶಿ. ಬೇರೆ ಯಾರೂ ಒಪ್ಪುವುದಿಲ್ಲವಾದ್ದರಿಂದ ಪ್ರತಿ ವರ್ಷ ಅವಿರೋಧ ಆಯ್ಕೆ.

ತಪ್ಪು ಬೆಳಕಿನದೇ ಎಂದು ಎಲ್ಲರೂ ಒಪ್ಪಿದರು. ಒಪ್ಪದೆ ಏನು? ಒಬ್ಬನ ಶೆಡ್ಡಿನಲ್ಲಿ ಹಳೇ ಟ್ಯೂಬು ಮಿಣಮಿಣ ಎನ್ನುತ್ತದೆ, ಇನ್ನೊಬ್ಬನದು ಹಳದಿ ಬಲ್ಬು, ಮತ್ತೊಬ್ಬ ಯಾವುದೋ ಮದುವೆ ಶಾಮಿಯಾನದಲ್ಲಿ ಉಳಿದ ಫೋಕಸ್ ಲೈಟನ್ನೇ ತೂಗುಹಾಕಿಕೊಂಡಿದ್ದಾನೆ. ಎಲ್ಲದರ ಮೇಲೂ ಮರದ ಪುಡಿ ಕೂತಿದೆ. ಒಂದೇ ಆರ್ಡರನ್ನು ಹನ್ನೊಂದು ಥರದ ಬೆಳಕಿನಲ್ಲಿ ಮಾಡಿದರೆ ಬಣ್ಣ ಕೂಡುವುದು ಹೇಗೆ? ಇಡೀ ಬೀದಿಗೆ ಒಂದೇ ಥರದ ಎಲ್‌ಇಡಿ ಟ್ಯೂಬು, ಎಲ್ಲರ ಹೆಸರಲ್ಲಿ ಒಟ್ಟಿಗೆ, ಹೋಲ್‌ಸೇಲಿನಲ್ಲಿ ಕೊಳ್ಳುವುದೆಂದು ತೀರ್ಮಾನ. ನೂರ ಮೂವತ್ತು ಬೇಕು. ಒಂದಕ್ಕೆ ಇನ್ನೂರು ರೂಪಾಯಿ ದಾಟಬಾರದು. ದಸರಾ ಗೊಂಬೆಯ ಕೆಲಸ ಬಿರುಸಾಗುವ ಮುಂಚೆ ಹಾಕಿಸಿರಬೇಕು.

ತರುವವರು ಯಾರು ಎಂದಾಗ ಆಫ್ತಾಬ್ ನನ್ನ ಹೆಸರು ಹೇಳಿದ. ಮಲ್ಲಣ್ಣ ಸುಲಭಕ್ಕೆ ಕಾಸು ಬಿಚ್ಚುವ ಆಸಾಮಿಯಲ್ಲ, ಆ ಕೆಲಸಕ್ಕೆ ಅವರೇ ಸರಿ ಎಂದು. ಇವರ ಕೈಗೆ ಕೊಟ್ಟರೆ ಲೈಟಿನ ಬದಲು ಬೆಂಕಿಪೊಟ್ಟಣ ತಂದಾರು ಎಂದಳು ಮಂಗಳ. ಎಲ್ಲರೂ ನಕ್ಕರು. ಅವಳಿಗೆ ಇಷ್ಟು ಖುಷಿಯಾಗುವುದಾದರೆ ಈ ಲೈಟನ್ನು ಹೋದ ವರ್ಷವೇ ಹಾಕಿಸಬಹುದಿತ್ತು.

ಜೂನ್ 23, ಸೋಮವಾರ

ರಾಮನಗರದಲ್ಲಿ ಎರಡು ಅಂಗಡಿ ನೋಡಿದೆ. ಇಬ್ಬರೂ ಬಿಡಿ ಮಾರುವ ರೇಟನ್ನೇ ಹೋಲ್‌ಸೇಲ್ ಎಂದು ನಂಬಿಸಲು ನೋಡಿದರು. ಬಸ್ ಹತ್ತಿ ಬೆಂಗಳೂರಿಗೇ ಹೋದೆ. ಅಲ್ಲೊಬ್ಬ ವ್ಯಾಪಾರಿ ಗಲ್ಲಾದ ಮೇಲೆ ಎರಡು ಟ್ಯೂಬು ಉರಿಸಿ ತೋರಿಸಿದ. ಒಂದು ನೂರ ಅರವತ್ತೈದು, ಇನ್ನೊಂದು ಇನ್ನೂರ ತೊಂಬತ್ತು. ಎರಡಕ್ಕೂ ಏನು ವ್ಯತ್ಯಾಸ ಎಂದರೆ, ದುಬಾರಿಯದು ಬಣ್ಣವನ್ನು ಇದ್ದ ಹಾಗೇ ತೋರಿಸುತ್ತದಂತೆ. ದುಬಾರಿ ಮಾಲಿಗೆ ಎಲ್ಲರೂ ಒಂದು ಕಥೆ ಕಟ್ಟುತ್ತಾರೆ. ನಿನ್ನ ಮಾತು ನಂಬುವುದಿಲ್ಲ, ನಂಬಬಹುದಾದವರು ನಮ್ಮ ಮನೆಯಲ್ಲಿದ್ದಾರೆ ಎಂದು ಹೇಳಿ ಒಂದೊಂದು ಸ್ಯಾಂಪಲ್ ತಂದೆ.

ಸಂಜೆ ನಮ್ಮ ಶೆಡ್ಡಿನಲ್ಲಿ ಎರಡನ್ನೂ ಅಕ್ಕಪಕ್ಕ ಕಟ್ಟಿ ಮಂಗಳನನ್ನು ಕರೆದೆ. ಕೆಂಪು, ಹಳದಿ, ಹಸಿರು ಅರಗಿನ ಕಡ್ಡಿಗಳನ್ನು ಇದರ ಕೆಳಗೆ, ಅದರ ಕೆಳಗೆ ಹಿಡಿದು ನಿಧಾನವಾಗಿ ತಿರುಗಿಸಿದಳು. ಅಗ್ಗದ್ದು ನನ್ನ ಕಣ್ಣಿಗೆ ಒಂಚೂರು ನೀಲಿ ಹೊಡೆದ ಹಾಗೆ ಕಂಡಿತು. ಆದರೆ ಬಣ್ಣದ ವಿಷಯದಲ್ಲಿ ನನ್ನ ಮಾತಿಗೆ ಈ ಮನೆಯಲ್ಲಿ ಬೆಲೆಯಿಲ್ಲ. ಮದುವೆಯಾದ ಹೊಸತರಲ್ಲಿ ಕುಂಕುಮದ ಬಣ್ಣ ಎಂದು ಇಟ್ಟಿಗೆ ಬಣ್ಣದ ಸೀರೆ ತಂದವನು ನಾನು.

"ಎರಡೂ ಒಂದೇ ಕಣ್ರೀ," ಎಂದಳು. "ಕಮ್ಮೀದೇ ತಕ್ಕೊಳ್ಳಿ. ಆಗ್ಲಿ."

ಬೀದಿಗೆ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಿ ಆಫ್ತಾಬನಿಗೆ ಹೇಳಿ ಬಂದೆ. ಅಕ್ಕ ಪಾಸು ಮಾಡಿದ ಮೇಲೆ ಮೀಟಿಂಗು ಯಾಕೆ, ದುಡ್ಡು ಕಟ್ಟಿಬಿಡಿ ಎಂದ.

ಜುಲೈ 1, ಮಂಗಳವಾರ

ದುಡ್ಡು ಕಟ್ಟಿದೆ. ಪೆಟ್ಟಿಗೆ ಒಡೆದ ಮೇಲೆ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಬಿಲ್ಲಿನ ಮೇಲೆ ಬರೆದಿದ್ದಾನೆ. ಬರೆದುಕೊಳ್ಳಲಿ.

ಬೆಳಿಗ್ಗೆ ಸುಹಾನಾ ಮಂಗಳನ ಪಕ್ಕದಲ್ಲಿ ಟೀ ಲೋಟ ಹಿಡಿದು ನಿಂತಿದ್ದಳು. ಸುಹಾನಾ ಆಫ್ತಾಬನ ಸೊಸೆ, ನಮ್ಮಲ್ಲಿ ಬಣ್ಣ ಹಾಕುತ್ತಾಳೆ. ಮಂಗಳ ತಿರುಗಿದ್ದೇ ಕೈ ತಗುಲಿ ಲೋಟ ಬಿತ್ತು, ಹುಡುಗಿಯ ಕೈ ಚುರ್ ಎಂದಿತು. ಮೊಳದ ದೂರದಲ್ಲಿ ನಿಂತವಳು ಕಾಣುವುದಿಲ್ಲವೇ, ಧ್ಯಾನ ಎಲ್ಲಿಟ್ಟಿದ್ದೀಯಾ ಎಂದು ಗದರಿದೆ. ಮಂಗಳ ಹುಡುಗಿಯ ಕೈಗೆ ನೀರು ಹಾಕುತ್ತ, ಹೊಸ ಲೈಟು ಬರಲಿ, ಎಲ್ಲಾ ಸರಿಹೋಗುತ್ತದೆ ಎಂದಳು. ಸರಿಹೋದರೆ ಸಾಕು. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಅದನ್ನೂ ನಾನು ಲೈಟಿನ ಖಾತೆಗೇ ಹಾಕಿದ್ದೇನೆ.

ಜುಲೈ 12, ಶನಿವಾರ

ಎಲೆಕ್ಟ್ರಿಷಿಯನ್ ಮಹೇಂದ್ರ ಮೂರು ದಿನದಿಂದ ಏಣಿ ಹತ್ತಿ ಇಳಿಯುತ್ತಿದ್ದ. ಇವತ್ತು ಮುಗಿಯಿತು. ಎಲ್ಲಾ ಶೆಡ್ಡಿನವರೂ ನಮ್ಮಲ್ಲಿ ಸೇರಿದ್ದರು. ಹೊರಗೆ ದಟ್ಟ ಮೋಡ. ಅವನು ಸ್ವಿಚ್ಚು ಒತ್ತಿದ, ಹಗಲಾದ ಹಾಗಾಯಿತು. ಎಲ್ಲರೂ ಓ ಎಂದರು.

ಆಮೇಲೆ ಸುಹಾನಾ ತನ್ನ ಲೇತಿನ ಮೇಲಿದ್ದ ಹಳದಿ ಅರಗಿನ ಕಡ್ಡಿಯನ್ನು ಎತ್ತಿಕೊಂಡಳು. ಅದು ಎಳೆ ನಿಂಬೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಕೆಳಗಿದ್ದ ಕೆಂಪು ಉಂಗುರಗಳು ಬದನೆಕಾಯಿಯ ಹತ್ತಿರ ಹೋಗಿದ್ದವು. ಒಂದು ಸ್ಯಾಂಪಲ್ಲಿನಲ್ಲಿ ಒಂಚೂರು ಎಂದು ಕಂಡದ್ದು ಹನ್ನೆರಡು ಟ್ಯೂಬು ಒಟ್ಟಿಗೆ ಉರಿದಾಗ ಕುರುಡನಿಗೂ ಕಾಣುವ ಹಾಗಿತ್ತು.

ಕುರುಡ ಎಂಬ ಈ ಮಾತನ್ನು ಬರೆದವನು ನಾನೇ. ಹೊಡೆದು ಹಾಕಲು ಹೋದೆ, ಹಾಗೇ ಬಿಟ್ಟೆ.

ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರಿಗೂ ಒಂದೇ ಕ್ಷಣದಲ್ಲಿ ಅರ್ಥವಾಯಿತು. ಲೈಟು ತಪ್ಪು ಎಂದಲ್ಲ, ಇದನ್ನು ಅವಳು ಪಾಸು ಮಾಡಿದ್ದಾಳೆ ಎಂದು. ಅಷ್ಟರಲ್ಲಿ ಮಂಗಳ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದಳು, ಮುಖದ ತುಂಬ ನಗು. ಹೇಗಿದೆ ಎಂದು ಕೇಳಿದಳು. ಮಹೇಂದ್ರ ಈ ಹಳದಿ ಯಾಕೋ ಎಂದು ಬಾಯಿ ತೆಗೆದ. ಆಫ್ತಾಬ್ ಅವನ ಭುಜ ಹಿಡಿದು ಹಿಂದಕ್ಕೆ ಸರಿಸಿದ.

"ಚೆನ್ನಾಗೈತೆ ಕಣಕ್ಕ," ಎಂದ. "ನೀವು ನೋಡಿದ್ ಮ್ಯಾಲೆ ಇನ್ನೇನು."

ಆಮೇಲೆ ಒಬ್ಬರಾದ ಮೇಲೆ ಒಬ್ಬರು ಚೆನ್ನಾಗಿದೆ ಎಂದರು. ಎರಡು ರೂಪಾಯಿ ಚಂದಾಕ್ಕೆ ಅರ್ಧ ದಿನ ಜಗಳ ಆಡುವ ಜನ ಇವರು. ಈಗ ಒಬ್ಬನೂ ತಪ್ಪಲಿಲ್ಲ. ನಾನೂ ಚೆನ್ನಾಗಿದೆ ಎಂದೆ. ಈಗ ಒಸಿ ಪರವಾಗಿಲ್ಲ, ಕಣ್ಣಿಗೆ ಹಿತವಾಗಿದೆ ಎಂದಳು ಮಂಗಳ. ಸ್ವಿಚ್‌ಬೋರ್ಡಿಗೆ ಕುಂಕುಮ ಇಡಲು ಹೋದವಳು ಅದರ ಪಕ್ಕದ ಬರೀ ಗೋಡೆಗೆ ಇಟ್ಟಳು.

ಜುಲೈ 13, ಭಾನುವಾರ

ಗೋಡೆಯ ಮೇಲಿನ ಕುಂಕುಮ ಒರೆಸಿ ಸರಿಯಾದ ಜಾಗಕ್ಕೆ ಇಡೋಣ ಎಂದು ಬಟ್ಟೆ ಹಿಡಿದುಕೊಂಡು ಹೋದೆ. ಕೈ ಬರಲಿಲ್ಲ.

ಜುಲೈ 17, ಗುರುವಾರ

ಬೀದಿಯಲ್ಲಿ ಹೊಸ ಪದ್ಧತಿ ಶುರುವಾಗಿದೆ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಬಣ್ಣ ಹಾಕಿದ ತುಂಡನ್ನು ಹಿಡಿದು ಬಾಗಿಲ ಹೊರಗೆ ಬರುತ್ತಾರೆ, ಆಕಾಶದ ಬೆಳಕಿನಲ್ಲಿ ನೋಡಿ ಒಳಗೆ ಹೋಗುತ್ತಾರೆ. ಮಳೆ ಬಂದರೆ ಕೆಲಸ ನಿಲ್ಲುತ್ತದೆ. ಆಷಾಢದ ಮೋಡ, ದಿನಕ್ಕೆ ಮೂರು ತಾಸು ಒಳ್ಳೆಯ ಬೆಳಕು ಸಿಕ್ಕರೆ ಹೆಚ್ಚು. ದಸರಾ ಆರ್ಡರು ಹಿಂದೆ ಬೀಳುತ್ತಿದೆ. ಒಬ್ಬರೂ ನನ್ನನ್ನು ಕೇಳಲು ಬಂದಿಲ್ಲ. ಬಂದು ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಈಗಲೂ ಹೊಸ ಬಣ್ಣದ ತುಂಡನ್ನು ಅವಳಿಗೆ ತೋರಿಸುತ್ತಾರೆ. ಅವಳು ತಿರುಗಿಸಿ ನೋಡಿ ಆಗ್ಲಿ ಎನ್ನುತ್ತಾಳೆ. ಅವರು ಸರಿ ಅಕ್ಕ ಎಂದು ಹೋಗಿ, ಬಾಗಿಲ ಹೊರಗೆ ಇನ್ನೊಮ್ಮೆ ನೋಡುತ್ತಾರೆ.

ನನಗೆ ಬಿ.ಪಿ. ತೋರಿಸಬೇಕು, ಒಬ್ಬನೇ ಹೋಗಲು ಭಯ, ಜೊತೆಗೆ ಬಾ ಎಂದು ಸುಳ್ಳು ಹೇಳಿದ್ದೇನೆ. ನಿಮಗೂ ಭಯ ಇದೆಯೇ ಎಂದು ನಕ್ಕಳು.

ಜುಲೈ 22, ಮಂಗಳವಾರ

ಬೆಂಗಳೂರಿನ ಕಣ್ಣಾಸ್ಪತ್ರೆಗೆ ಹೋಗಿ ಬಂದೆವು. ಬಾಗಿಲಲ್ಲಿ ಬರೆದದ್ದು ಓದಲು ಆಗದಿದ್ದರೂ ಇದು ಕಣ್ಣಿನ ಆಸ್ಪತ್ರೆ ಎಂದು ಯಾರೋ ಆಡಿದ ಮಾತಿನಿಂದ ಅವಳಿಗೆ ಗೊತ್ತಾಯಿತು. ಜಗಳ ಆಡಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು.

ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಒಣಗಿದೆ ಎಂದರು ಡಾಕ್ಟರು. ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ನೋವಿರುವುದಿಲ್ಲ, ಲೈಟು ಕಡಿಮೆಯಾಯಿತು ಎಂದು ಜನ ಅಂದುಕೊಂಡಿರುತ್ತಾರಂತೆ. ಹೋದದ್ದು ಬರುವುದಿಲ್ಲ. ಉಳಿದ ಸ್ವಲ್ಪವನ್ನು ಉಳಿಸಿಕೊಳ್ಳಲು ಡ್ರಾಪ್ಸ್, ಬದುಕಿರುವವರೆಗೂ. ಎರಡು ವರ್ಷ ಮೊದಲು ಬಂದಿದ್ದರೆ ಎಂದು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು.

ಬಸ್ಸಿನಲ್ಲಿ ಅವಳ ಕೈ ಹಿಡಿದುಕೊಂಡು ಕೂತಿದ್ದೆ. ಬಸ್ಸು ಬಹಳ ಕುಲುಕುತ್ತಿತ್ತು. ಬಿಡದಿ ಬಂತು, ಜೋಳ ಸುಡುತ್ತಿದ್ದಾರೆ, ಒಬ್ಬಳು ಕೊಡೆಯ ಕೆಳಗೆ ಸೀಬೆಹಣ್ಣು ಮಾರುತ್ತಿದ್ದಾಳೆ ಎಂದು ಏನೇನೋ ಹೇಳಿದೆ. ರಾಮನಗರದ ಬೆಟ್ಟಗಳು ಕಿಟಕಿಯ ತುಂಬ ನಿಂತಿದ್ದಾಗ ರಾಮನಗರ ಇನ್ನೂ ಎಷ್ಟು ದೂರ ಎಂದು ಕೇಳಿದಳು. ಈಗ ಬಂತು ಎಂದೆ. ಆಮೇಲೆ ಕೇಳಿದಳು:

"ಅಂಗಾರೆ, ಲೈಟು ಮೊದ್ಲಿಂದ್ಲೂ ಸರ್ಯಾಗೇ ಇತ್ತಾ?"

ನಾನು ಹೂಂ ಎಂದೆ. ಮಂಗಳ ಕರೆಂಟಿನವರಿಗೆ ಸುಮ್ಮನೆ ಬೈದೆನಲ್ಲ ಎಂದಳು.

ಎರಡು ವರ್ಷ ಅವಳು ನನ್ನ ಹತ್ತಿರವೇ ಹೇಳುತ್ತಿದ್ದಳು.

ಜುಲೈ 29, ಮಂಗಳವಾರ

ಹೊಸ ಲೈಟಿನ ವಿಷಯವನ್ನು ಮಾತ್ರ ಮುಚ್ಚಿಟ್ಟಿದ್ದೆ. ಆಸ್ಪತ್ರೆಯ ಮಾರನೇ ದಿನ, ನಾನು ಪಾಸು ಮಾಡಿದ ಲೈಟು ಸರಿ ಇದೆ ತಾನೇ ಎಂದು ಕೇಳಿದ್ದಳು. ಹಗಲಿನ ಹಾಗಿದೆ ಎಂದಿದ್ದೆ. ಕಣ್ಣು ಹೋದರೆ ಹೋಗಲಿ, ಬೀದಿಯಲ್ಲಿ ಅವಳ ಮಾತು ಉಳಿಯಲಿ ಎಂದು ನನ್ನ ಆಸೆ.

ಇವತ್ತು ನಾಗರಪಂಚಮಿ. ಹುತ್ತಕ್ಕೆ ಹಾಲೆರೆದು ಬಂದವಳು ಸೀದಾ ಶೆಡ್ಡಿಗೆ ಹೋಗಿ ಬಾಗಿಲ ಪಕ್ಕ ಸ್ಟೂಲು ಹಾಕಿ ಕೂತಳು. ಮಧ್ಯಾಹ್ನದವರೆಗೂ ಏಳಲಿಲ್ಲ. ನಾನು ಊಟಕ್ಕೆ ಕರೆಯಲು ಹೋದಾಗ ಸುಹಾನಾ ತುಂಡು ಹಿಡಿದು ಹೊರಗೆ ಹೋಗುತ್ತಿದ್ದಳು. ಮಂಗಳ ಅವಳ ಸೆರಗು ಹಿಡಿದಳು.

"ಬೆಳಿಗ್ಗೆಯಿಂದ ಯಾಕವ್ವಾ ಇಷ್ಟು ಸಲ ಆಚೆಗೋಯ್ತಿದ್ದೀ? ಸುಳ್ಳು ಏಳ್ಬ್ಯಾಡ. ನಿಮ್ಮ ಮಾವ ಏಳ್ಕೊಟ್ಟಿದ್ನೂ ಏಳ್ಬ್ಯಾಡ."

ಹುಡುಗಿ ಅಳಲು ಶುರು ಮಾಡಿದಳು. ಬೇರೆ ಉತ್ತರ ಬೇಕಾಗಲಿಲ್ಲ. ಮಂಗಳ ನನ್ನ ಕಡೆ ತಿರುಗಿದಳು. ನಾನು ಎಲ್ಲಿ ನಿಂತಿದ್ದೇನೆ ಎಂದು ಅವಳಿಗೆ ಸರಿಯಾಗಿ ಗೊತ್ತಿತ್ತು.

"ಆವತ್ತು ಎರಡೂ ಒಂದೇ ಅಂದ್ನಲ್ಲಾ, ಎರಡೂ ಒಂದೇ ತರ ಮಂಕಾಗಿತ್ತು ಕಣ್ರೀ. ಕಾಣಾಕಿಲ್ಲ ಅನ್ನಾಕೆ ನಾಚ್ಕೆ ಆಯ್ತು. ಎಲ್ಲಾರೂ ನನ್ನೇ ನಂಬ್ಕೊಂಡವ್ರೆ."

ನಾನು ಊಟಕ್ಕೆ ಬಾ ಎಂದೆ. ಅವಳು ಬಂದಳು. ಇಬ್ಬರೂ ಉಣ್ಣಲಿಲ್ಲ.

ಆಗಸ್ಟ್ 3, ಭಾನುವಾರ

ಮೀಟಿಂಗು ಕರೆದವಳು ಅವಳೇ. ತಾನು ಕಾಣದೆ ಪಾಸು ಮಾಡಿದೆ, ತಪ್ಪು ಲೈಟಿನದಲ್ಲ, ಮೈಸೂರಿನ ಮಾಲು ವಾಪಸ್ ಬಂದದ್ದೂ ತನ್ನಿಂದಲೇ ಎಂದು ನಿಂತುಕೊಂಡೇ ಹೇಳಿದಳು. ಅಳಲಿಲ್ಲ. ಅತ್ತವರು ಬೇರೆಯವರು. ಇನ್ನು ಯಾರೂ ತುಂಡು ತರಬೇಡಿ ಎಂದಳು. ನನಗೆ ಅವಳ ಸೆರಗು ಜಗ್ಗಿ ಕೂರಿಸಬೇಕು ಎನಿಸಿತು. ಊರಿನ ಮುಂದೆ ತನ್ನ ಕಣ್ಣನ್ನು ತಾನೇ ಕೆಳಗಿಡುತ್ತಿದ್ದಾಳೆ, ನಾನು ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತು ನೋಡುತ್ತಿದ್ದೇನೆ.

ನಷ್ಟ ನಾನು ತುಂಬುತ್ತೇನೆ ಎಂದೆ. ಆಫ್ತಾಬ್ ಬಹಳ ಕೋಪ ಮಾಡಿಕೊಂಡ. ಬೀದಿಯ ಲೈಟು ಬೀದಿಯೇ ತುಂಬಿಕೊಳ್ಳುತ್ತದೆ, ಮಲ್ಲಣ್ಣ ಬಾಯಿ ಮುಚ್ಚಿಕೊಂಡಿರಲಿ ಎಂದ. ಕೋಡಿಹಳ್ಳಿ ಕಡೆ ರೇಷ್ಮೆ ಹುಳು ಸಾಕುವವರು ಈ ಟ್ಯೂಬುಗಳನ್ನು ಅರ್ಧ ರೇಟಿಗೆ ಕೊಳ್ಳುತ್ತಾರಂತೆ. ಹುಳುವಿನ ಮನೆಗೆ ಯಾವ ಬೆಳಕಾದರೂ ಆದೀತು. ಬೇರೆ ಲೈಟು ಹುಡುಕುವ ಕೆಲಸವನ್ನು ಅವನೇ ಹೊತ್ತುಕೊಂಡ.

ಮನೆಗೆ ಬರುವಾಗ ದಾರಿಯ ಗುಂಡಿ, ಕಲ್ಲು, ಮಲಗಿದ್ದ ನಾಯಿ ಎಲ್ಲವನ್ನೂ ಹೇಳುತ್ತ ಬಂದೆ. ನಿಮಗೆ ಇಷ್ಟು ಮಾತು ಬರುತ್ತಿತ್ತೇ ಎಂದಳು. ಏನು ಮಾತು, ದಾರಿ ಹೇಳಿದೆ ಅಷ್ಟೆ.

ಆಗಸ್ಟ್ 9, ಶನಿವಾರ

ಯಾರೂ ತುಂಡು ತರಲಿಲ್ಲ. ಬಾಗಿಲಲ್ಲಿ ಚಪ್ಪಲಿಯ ಸದ್ದಾದಾಗಲೆಲ್ಲ ಅವಳು ಕೈ ಒರೆಸಿಕೊಳ್ಳುತ್ತಾಳೆ.

ಆಗಸ್ಟ್ 17, ಭಾನುವಾರ

ಮಧ್ಯಾಹ್ನ ಮಳೆ ನಿಂತಿತ್ತು. ಆಫ್ತಾಬ್ ಹೊಸ ಟ್ಯೂಬೊಂದನ್ನು ಕಂಕುಳಲ್ಲಿ ಇಟ್ಟುಕೊಂಡು, ಅರಗಿನ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ನಮ್ಮ ಬಾಗಿಲವರೆಗೆ ಬಂದ. ಹೊಸ್ತಿಲ ಹತ್ತಿರ ನಿಂತೇಬಿಟ್ಟ. ಅಭ್ಯಾಸದ ಮೇಲೆ ಕಾಲು ಇಲ್ಲಿಗೆ ತಂದಿದೆ, ಬಂದ ಮೇಲೆ ನೆನಪಾಗಿದೆ. ಹಿಂದಕ್ಕೂ ಹೋಗಲಾರ, ಮುಂದಕ್ಕೂ ಬರಲಾರ. ನಾನು ಹೋಗು ಎಂದು ಕೈಸನ್ನೆ ಮಾಡಿದೆ.

"ಯಾರು, ಆಫ್ತಾಬಾ? ಒಳೀಕ್ ಬಾ," ಎಂದಳು ಮಂಗಳ. "ಲೈಟ್ ತಂದಿದ್ಯಾ? ಆಕು. ಇವ್ರು ನೋಡಿ ಏಳ್ತಾರೆ, ನಾನು ಕೇಳ್ತೀನಿ."

ಅವನು ನಡುಮನೆಯ ಹಳೇ ಟ್ಯೂಬು ಬಿಚ್ಚಿ ಇದನ್ನು ಸಿಕ್ಕಿಸಿದ. ಅವಳು ಕಡ್ಡಿಗಳನ್ನು ಕೈಗೆ ತೆಗೆದುಕೊಂಡು ಒಂದನ್ನು ಎತ್ತಿ ಹಿಡಿದಳು. ಯಾವುದು ಎಂದಳು. ಕೆಂಪು ಎಂದೆ. ಹೇಗಿದೆ ಎಂದಳು. ಚೆನ್ನಾಗಿದೆ ಎಂದೆ. ಚೆನ್ನಾಗಿದೆ ಅನ್ನುವುದು ಬಣ್ಣವಲ್ಲ ಎಂದಳು. ನಾನು ಎದ್ದು ಹತ್ತಿರ ಹೋದೆ. ಹಣ್ಣಾದ ಒಣಮೆಣಸಿನಕಾಯಿ, ತೊಟ್ಟು ಕಿತ್ತದ್ದು, ಎಣ್ಣೆ ಸವರಿದ ಹಾಗಿದೆ ಎಂದೆ. ಹೂಂ ಎಂದಳು. ಹಳದಿಗೆ, ನೀನು ಗೌರಿಗೆ ಅರೆಯುವ ಹಸಿ ಅರಿಶಿನ, ಬಳಿದ ತಕ್ಷಣದ್ದು, ಒಣಗಿದ ಮೇಲಿನದಲ್ಲ ಎಂದೆ. ಹಸಿರಿಗೆ ಬಾಳೆಯ ಸುಳಿ ಎಂದೆ. ಎಷ್ಟು ಬಿಚ್ಚಿದ ಸುಳಿ ಎಂದು ಕೇಳಿದಳು. ಅರ್ಧ ಎಂದೆ. ಅವಳು ಪ್ರತಿಯೊಂದಕ್ಕೂ ತಲೆ ಆಡಿಸಿದಳು. ಬೆರಳು ಕಡ್ಡಿಯನ್ನು ತಿರುಗಿಸುತ್ತಲೇ ಇತ್ತು.

ಕಡ್ಡಿಗಳು ಮುಗಿದವು. ಆಫ್ತಾಬ್ ಬೆಲೆ ಹೇಳಿದ. ಪರವಾಗಿಲ್ಲ, ಇದನ್ನೇ ತರಿಸು ಎಂದಳು. ಆಮೇಲೆ, ತಮಾಷೆಯ ಹಾಗೆ, ಮುಖವನ್ನು ಟ್ಯೂಬಿನ ಕಡೆಗೆ ಎತ್ತಿದಳು.

"ನನ್ನ ಮೊಕ ಎಂಗೈತೆ ಇದ್ರಲ್ಲಿ?"

ನಾನು ಇನ್ನೂ ಹತ್ತಿರ ಹೋಗಿ ನೋಡಿದೆ. ಹುಬ್ಬಿನ ಮೇಲೆ ಅರಗು ಸಿಡಿದ ಸಣ್ಣ ಗುರುತಿದೆ, ಯಾವಾಗ ಆಯಿತೋ ಗೊತ್ತಿಲ್ಲ. ಕೆನ್ನೆ ಇಷ್ಟು ಇಳಿದದ್ದು ಯಾವಾಗ? ಕಣ್ಣುಗಳು ಮೊದಲಿನ ಹಾಗೇ ಇವೆ. ಏನೂ ಆಗದ ಕಣ್ಣುಗಳ ಹಾಗೆ ಹೊಳೆಯುತ್ತಿವೆ. ಆಫ್ತಾಬ್ ಮುಖ ಆ ಕಡೆ ತಿರುಗಿಸಿಕೊಂಡು, ನಾನು ಬತ್ತೀನಿ ಅಕ್ಕ ಎಂದು ಸ್ವಿಚ್ಚಿಗೆ ಕೈ ಹಾಕಿದ. ಆರಿಸಬೇಡ ಎಂದೆ. ನಾನಿನ್ನೂ ನೋಡಿ ಮುಗಿಸಿರಲಿಲ್ಲ.